ಜೀಪಿನ ಆಲ್ಟರ್ನೇಟರ್ ಸುಟ್ಟ ದಿನ

ನಮ್ಮ ಮನೆಯ ಮುಂದೆ ಜೀಪು ನಿಲ್ಲುತ್ತಿದ್ದ ಕಾಲ ಅದು. ಮನೆಯ ಮುಂದೆ ಎಂದರೆ ಅಂಗಳದಲ್ಲಲ್ಲ. ಅಂಗಳದಿಂದ ರಸ್ತೆಗೆ ಇಳಿಯುವ ಇಳಿಜಾರಿನ ನೆತ್ತಿಯಲ್ಲಿ, ಮೂತಿ ಕೆಳಗೆ ಮಾಡಿಕೊಂಡು, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಮುತ್ತಂಗದ ಸುತ್ತಮುತ್ತ ಜೀಪಿದ್ದವರೆಲ್ಲ ಹೀಗೇ. ಬ್ಯಾಟರಿಯನ್ನು ಯಾರೂ ನಂಬುತ್ತಿರಲಿಲ್ಲ, ಇಳಿಜಾರನ್ನು ನಂಬುತ್ತಿದ್ದರು. ಹೊಸ ಮನೆಗೆ ಜಾಗ ನೋಡುವವರು ಬಾವಿಯಲ್ಲಿ ನೀರು ಬೀಳುತ್ತದೆಯೇ ಎಂದು ವಿಚಾರಿಸಿದ ಮೇಲೆ ಗಾಡಿ ನಿಲ್ಲಿಸಲು ಇಳಿಜಾರು ಇದೆಯೇ ಎಂದು ಕೇಳುತ್ತಿದ್ದರು ಎಂದರೆ ನಿಮಗೆ ನಗು ಬರಬಹುದು. ಅಂಥ ಊರಿನಲ್ಲಿ ಬೆಳೆದವರಿಗೆ ಬರುವುದಿಲ್ಲ.

ನಮ್ಮ ಹಿರಿಯರು ಗುಂಡ್ಲುಪೇಟೆ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ವೈನಾಡಿಗೆ ಬಂದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಅಂಗಡಿಯಲ್ಲಿ ಎರಡನ್ನೂ ಕಲಸಿದ್ದು. ಅಪ್ಪನಿಗೆ ಗದ್ದೆ ಇತ್ತು, ಮೆಣಸಿನ ಬಳ್ಳಿಗಳಿದ್ದವು, ಆದರೆ ಅವನ ಹೆಮ್ಮೆಯೆಲ್ಲ ಆ ಡೀಸೆಲ್ ಜೀಪಿನ ಮೇಲೆ. ಬತ್ತೇರಿ ಆಸ್ಪತ್ರೆಗೆ ಹೋಗುವ ಬಸುರಿಯರು, ಪೊನ್ಕುಳಿ ದೇವಸ್ಥಾನಕ್ಕೆ ಹರಕೆ ಹೊತ್ತವರು, ಶುಂಠಿ ಮೂಟೆಗಳು, ಒಮ್ಮೊಮ್ಮೆ ಒಂದು ಹೋರಿಕರು, ಎಲ್ಲ ಅದರಲ್ಲೇ ಪ್ರಯಾಣ ಮಾಡುತ್ತಿದ್ದವು. ನಮ್ಮ ಊರಿನ ಎಲ್ಲ ವಾಸನೆಗಳೂ ಅದರ ಹಿಂದಿನ ಸೀಟಿನಲ್ಲಿ ಇದ್ದವು.

ಜೀಪಿನ ಡಾಕ್ಟರು ನಮ್ಮ ದೊಡ್ಡಪ್ಪ, ಅಪ್ಪನ ಅಣ್ಣ. ಚಹಾ ಎಸ್ಟೇಟಿನಲ್ಲಿ ವರ್ಷಗಟ್ಟಲೆ ಡ್ರೈವರಾಗಿದ್ದು, ದೊಡ್ಡಮ್ಮ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಸೇರಿದ್ದ. ಮಾತು ಕಡಿಮೆ, ಬೀಡಿ ಜಾಸ್ತಿ. ವರ್ಕ್‌ಶಾಪಿನವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಜೀಪಿಗೆ ಏನೇ ಆದರೂ ಗೋಣಿಚೀಲ ಹಾಸಿ ಅದರ ಹೊಟ್ಟೆಯಡಿ ಮಲಗಿಬಿಡುತ್ತಿದ್ದ. ಅವನು ಎದ್ದು ಬರುವವರೆಗೆ ಅವ್ವ ಅವನ ಗಂಜಿಯನ್ನು ಒಲೆಯ ಬದಿಯಲ್ಲಿ ಬೆಚ್ಚಗಿಡುತ್ತಿದ್ದಳು.

ನಮ್ಮ ಗದ್ದೆಯ ಆಚೆಗೆ ಕಾಡಿನ ಮೂಲದ ಜನರಾದ ಕಾಟುನಾಯ್ಕರ ಹಾಡಿ. ಅವರ ಮಾತು ನಮ್ಮ ಮಾತಿಗೆ ಎಷ್ಟು ಹತ್ತಿರವಿತ್ತೆಂದರೆ ನನಗೆ ಬಹಳ ದಿನ ಅದು ಬೇರೆ ಮಾತು ಎಂದೇ ತಿಳಿದಿರಲಿಲ್ಲ. ಹಾಡಿಯ ಕೆಂಚಕ್ಕ ನಮ್ಮಲ್ಲಿ ಮೆಣಸು ಕೀಳುವುದಕ್ಕೂ ಕಳೆ ತೆಗೆಯುವುದಕ್ಕೂ ಬರುತ್ತಿದ್ದಳು. ಗಂಡ ಜೇನು ಕೀಳಲು ಹೋಗಿ ಮರದಿಂದ ಬಿದ್ದು ಸತ್ತಿದ್ದ. ಅವಳಿಗಿದ್ದವಳು ಒಬ್ಬಳೇ ಮಗಳು, ಬೊಮ್ಮಿ. ಬೊಮ್ಮಿ ನನ್ನ ಓರಗೆಯವಳು, ಆದರೆ ಯಜಮಾನಿಕೆ ಅವಳದೇ. ಗಜ್ಜುಗ ಆಡಿದರೆ ಮೊದಲ ಆಟ ಅವಳದು. ನೆಲ್ಲಿಕಾಯಿಗೆ ಹೋದರೆ ಮರ ಹತ್ತುವವಳು ಅವಳು, ಕೆಳಗೆ ಲಂಗ ಹಿಡಿದು ನಿಲ್ಲುವವಳು ನಾನು. ಕಣ್ಣೆದುರಿಗೇ ಮೋಸ ಮಾಡುತ್ತಿದ್ದಳು. ‘ಇದು ಅನ್ಯಾಯ’ ಎಂದರೆ, ‘ಅನ್ಯಾಯ ಕನ, ಯಾನ ಈಗ?’ ಎಂದು ನಕ್ಕು ಇನ್ನೊಂದು ಕಾಯಿ ಎತ್ತಿಕೊಳ್ಳುತ್ತಿದ್ದಳು. ಅವಳ ತಲೆಯಿಂದ ಸೌದೆ ಹೊಗೆಯ ವಾಸನೆ ಬರುತ್ತಿತ್ತು. ನನಗೆ ಅದು ಬಹಳ ಇಷ್ಟ.

ಆ ಚಳಿಗಾಲ ಮೆಣಸು ಕೀಳುವ ಹೊತ್ತಿಗೆ ಹಾಡಿ ಇದ್ದಕ್ಕಿದ್ದಂತೆ ಖಾಲಿಯಾಯಿತು. ಭೂಮಿ ಇಲ್ಲದವರೆಲ್ಲ ಸೇರಿ ಕಾಡಿನೊಳಗೆ ಹೋಗಿ ಗುಡಿಸಲು ಹಾಕಿದ್ದಾರೆ, ಜಾಗ ಕೊಡುವವರೆಗೆ ಹೊರಗೆ ಬರುವುದಿಲ್ಲವಂತೆ ಎಂದು ದೊಡ್ಡವರು ಮಾತಾಡಿಕೊಂಡರು. ಮಲಯಾಳದಲ್ಲಿ ಅದಕ್ಕೆ ‘ಸಮರ’, ಅಂದರೆ ಮುಷ್ಕರ, ಎಂದು ಹೆಸರು. ನನಗೆ ಗೊತ್ತಿದ್ದ ಸಮರ ಒಂದೇ. ದೊಡ್ಡ ಹುಡುಗರು ಶಾಲೆಗೆ ಬಂದು ಕೂಗಿದರೆ ಮೇಷ್ಟ್ರು ಗಂಟೆ ಹೊಡೆಸಿ ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರಲ್ಲ, ಅದು. ಮನೆ ಬಿಟ್ಟು ಹೋಗುವ ಸಮರ ನನಗೆ ಅರ್ಥವಾಗಲಿಲ್ಲ.

‘ಕಾಡು ಯಾರದು?’ ಎಂದು ಶಾಲೆಯಲ್ಲಿ ಕೇಳಿದೆ. ಸರ್ಕಾರದ್ದು ಎಂದರು ಟೀಚರು. ಹಾಡಿ ಬಿಟ್ಟು ಹೋಗುವ ಹಿಂದಿನ ದಿನ ಕೆಂಚಕ್ಕನನ್ನು ಕೇಳಿದ್ದಾಗ, ‘ನಮ್ಮಜ್ಜಂದಿರ್ದು ಕನವ್ವ, ಇನ್ಯಾರ್ದು’ ಎಂದಿದ್ದಳು. ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ.

‘ಆನೇದು. ಸುಮ್ನ ಉಣ್ಣು’ ಎಂದ.

ಅಪ್ಪನಿಗೆ ಆಗ ಸಿಟ್ಟು. ಮೆಣಸು ಬಳ್ಳಿಯಲ್ಲೇ ಒಣಗಿ ಉದುರುತ್ತಿತ್ತು, ಕೀಳಲು ಜನವಿಲ್ಲ. ‘ಎಲ್ರೂ ಕಾಡ್ನೊಳ್ಗ ಓಗಿ ಕೂತ್ಕಂಡ್ರ ಎಂಗ?’ ಎಂದು ಬೈಯುತ್ತಿದ್ದ. ಬೈದ ಬಾಯಲ್ಲೇ, ‘ಪಾಪ, ಅವರಾದ್ರೂ ಯಾನ ಮಾಡಾರು’ ಎನ್ನುತ್ತಿದ್ದ. ಒಬ್ಬನೇ ಮನುಷ್ಯ ಒಂದೇ ತುತ್ತಿನ ನಡುವೆ ಎರಡೂ ಮಾತಾಡಿದರೆ ಮಕ್ಕಳು ಯಾವುದನ್ನು ನಂಬಬೇಕು? ನಾನು ಎರಡನ್ನೂ ನಂಬಿದೆ. ಬೊಮ್ಮಿ ಇಲ್ಲದ ಮಧ್ಯಾಹ್ನಗಳು ಉದ್ದವಾಗಿದ್ದವು. ಗಜ್ಜುಗವನ್ನು ಒಬ್ಬಳೇ ಆಡಿದರೆ ಗೆಲ್ಲುವುದಕ್ಕೂ ಬೇಜಾರು.

ಅದೇ ದಿನಗಳಲ್ಲಿ ಜೀಪಿನ ಮೀಟರ್ ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡು ಆರದೆ ಕೂತಿತು. ಸಂಜೆ ಹೆಡ್‌ಲೈಟು ಹಾಕಿದರೆ ಸೀಮೆಎಣ್ಣೆ ಬುಡ್ಡಿಯಷ್ಟು ಬೆಳಕು. ದೊಡ್ಡಪ್ಪ ಬಾನೆಟ್ ಎತ್ತಿ ಕಿವಿ ಕೊಟ್ಟು ಕೇಳಿ, ‘ಡೈನಮೋ ಓಯ್ತು’ ಎಂದ. ಅದು ಡೈನಮೋ ಅಲ್ಲ, ಆಲ್ಟರ್ನೇಟರು. ಎಂಜಿನ್ನಿನ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದಲ್ಲಿ ಕೂತಿರುತ್ತದೆ. ಬೆಲ್ಟು ಅದನ್ನು ತಿರುಗಿಸುತ್ತದೆ, ಅದು ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಅಪ್ಪ ಎಷ್ಟು ತಿದ್ದಿದರೂ ದೊಡ್ಡಪ್ಪನಿಗೆ ಅದು ಕೊನೆಯವರೆಗೂ ಡೈನಮೋನೇ. ಅಪ್ಪ ಬಸ್ಸಿನಲ್ಲಿ ಬತ್ತೇರಿಗೆ ಹೋಗಿ, ಹಳೆಯದೊಂದನ್ನು ಹುಡುಕಿ ಚೀಲದಲ್ಲಿ ಹಾಕಿಕೊಂಡು ಬಂದ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಇನ್ನೂ ಬೀಡಿ ಹಚ್ಚಿರಲಿಲ್ಲ, ಕಾಡಿನ ಆಫೀಸಿನ ವಾಚರು ಸೈಕಲ್ಲಿನಲ್ಲಿ ಬಂದ. ನಾಳೆ ಬೆಳಿಗ್ಗೆ ಜೀಪು ಬೇಕು, ಡ್ರೈವರ್ ಸಮೇತ ಬರಬೇಕು ಎಂದ. ಯಾವ ಕೆಲಸಕ್ಕೆ ಎಂದು ಅಪ್ಪ ಕೇಳಿದ. ವಾಚರು ಜೀಪನ್ನು ನೋಡಿದ, ಕಾಡನ್ನು ನೋಡಿದ. ‘ಎನಿಕ್ಕರಿಯಿಲ್ಲ ಚೇಟ್ಟಾ’ ಎಂದ. ತನಗೆ ಗೊತ್ತಿಲ್ಲವಂತೆ. ಅವ್ವ ಕೊಟ್ಟ ಹಾಲಿಲ್ಲದ ಕಟ್ಟನ್ ಚಾಯವನ್ನೂ ಪೂರ್ತಿ ಕುಡಿಯದೆ ಸೈಕಲ್ ಹತ್ತಿದ. ರಸ್ತೆಯಲ್ಲಿ ಎರಡು ದಿನದಿಂದ ಪೊಲೀಸ್ ವ್ಯಾನುಗಳು ಓಡಾಡುತ್ತಿದ್ದವು. ಗುಡಿಸಲುಗಳನ್ನು ಎಬ್ಬಿಸುವುದಕ್ಕೇ ಇರಬೇಕು ಎಂದು ಅವ್ವ ಮೆಲ್ಲಗೆ ಹೇಳಿದಳು.

‘ಬಿಚ್ಚು ಅತ್ಲಾಗಿ, ಬಿಸ್ಲು ಏರಾದ್ರೊಳ್ಗ ಮುಗಿಸಮ’ ಎಂದ ಅಪ್ಪ. ದೊಡ್ಡಪ್ಪ ಗೋಣಿಚೀಲ ಹಾಸಿದ.

ಹಳೆಯ ಆಲ್ಟರ್ನೇಟರು ಹೊರಗೆ ಬಂದು ಚೀಲದ ಮೇಲೆ ಕೂರುವಷ್ಟರಲ್ಲಿ ಹಿತ್ತಲ ಕಡೆಯಿಂದ ಯಾರೋ ಕರೆದರು. ಕೆಂಚಕ್ಕ. ಸೀರೆಯಂಚು ಮುಳ್ಳಿಗೆ ಸಿಕ್ಕಿ ಹರಿದಿತ್ತು. ಮೊದಲು ಅವಳ ಹಿಂದೆ ನೋಡಿದೆ, ಬೊಮ್ಮಿ ಇರಲಿಲ್ಲ.

‘ಅಣ್ಣ, ಮಗೀಗ ಜ್ವರ ಬುಡ್ತಾ ಇಲ್ಲ’ ಎಂದಳು ಅಪ್ಪನಿಗೆ. ‘ಕಣ್ಣೇ ತಗಿತಿಲ್ಲ. ಕರದ್ರ ಓ ಅಂತಿಲ್ಲ. ಎತ್ಕಂಡ್ ಬರಮ ಅಂದ್ರ ರೋಡಲ್ಲಿ ಪೋಲೀಸ್ನೋರು ನಿಂತವ್ರ. ನಮ್ಮೋರ ಕಂಡ್ರ ಇಡೀತಾರಂತ. ವಸಿ ಜೀಪ್ ತನ್ನಿ ಅಣ್ಣ. ನೀವಾದ್ರ ಬುಡ್ತರ.’

ಅಪ್ಪ ಚೀಲದ ಮೇಲೆ ಬಿದ್ದಿದ್ದ ಬೋಲ್ಟುಗಳನ್ನು ನೋಡಿದ. ‘ಬಿಚ್ಚಿ ಮಡಗಿವಿ ಕೆಂಚೀ. ಕೂತ್ಕ. ಈಗ ಆಯ್ತದ’ ಎಂದ.

ಅವಳು ಕೂರಲಿಲ್ಲ. ಅವ್ವ ಕೊಟ್ಟ ಗಂಜಿಯನ್ನೂ ನಿಂತುಕೊಂಡೇ ಕುಡಿದಳು. ನಾನು ಅಡಿಗೆಮನೆಗೂ ಜೀಪಿಗೂ ನಡುವೆ ಓಡಾಡಿದೆ. ಅವ್ವ ಅಪ್ಪನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: ‘ಇವತ್ತು ರೆಡಿ ಆದ್ರ ನಾಳ ಅವ್ರೂ ತಕಂಡೋಯ್ತರ. ಇವ್ರ ಗುಡ್ಲು ಕೀಳಾಕ ನಮ್ ಜೀಪೇ ಓದಂಗಾಯ್ತದ.’ ನನಗೆ ತಲೆ ಕೆಟ್ಟುಹೋಯಿತು. ಜೀಪು ಸರಿಯಾಗಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದವಳು ನಡುವೆಯೇ ನಿಲ್ಲಿಸಿದೆ. ಇವತ್ತಿಗೆ ಮಾತ್ರ ಸರಿಯಾಗಲಿ, ನಾಳೆ ಕೆಡಲಿ ಎಂದು ತಿದ್ದಿಕೊಂಡೆ. ದೇವರು ಅಷ್ಟು ಸೂಕ್ಷ್ಮವಾದ ಕೋರಿಕೆಗೆ ಕಿವಿಗೊಡುತ್ತಾನೋ ಇಲ್ಲವೋ ಎಂಬ ಅನುಮಾನವೂ ಬಂತು.

ದೊಡ್ಡಪ್ಪ ಮಾತ್ರ ಎಂದಿನ ನಿಧಾನದಲ್ಲಿ ಕೆಲಸ ಮಾಡಿದ. ಬತ್ತೇರಿಯಿಂದ ತಂದ ಆಲ್ಟರ್ನೇಟರನ್ನು ಜಾಗದಲ್ಲಿ ಕೂರಿಸಿ ಕೆಳಗಿನ ಬೋಲ್ಟು ತೂರಿಸಿದ. ಬೆಲ್ಟು ಹಾಕಿ, ಹಾರೆಯ ತುದಿಯಿಂದ ಅದನ್ನು ಹೊರಕ್ಕೆ ಮೀಟಿ ಹಿಡಿದು, ಮೇಲಿನ ನಟ್ಟು ಬಿಗಿದ. ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ ನೋಡಿದ. ತಂತಿಗಳನ್ನು ಸಿಕ್ಕಿಸಿದ. ಬಿಸಿಲಿಗೆ ಗ್ರೀಸು, ಡೀಸೆಲು, ಅಂಗಳದಲ್ಲಿ ಒಣಗಲು ಹರವಿದ್ದ ಒಂದಿಷ್ಟು ಮೆಣಸು ಎಲ್ಲ ಸೇರಿ ಮೂಗಿಗೆ ಬಡಿಯುತ್ತಿತ್ತು. ಕೆಲಸದ ನಡುವೆ, ಯಾರೂ ಕೇಳದಿದ್ದರೂ, ಅವನು ಒಂದು ಮಾತು ಹೇಳಿದ.

‘ನಕ್ಸಲ್ರ ಕಾಲ್ದಲ್ಲೂ ಪೋಲೀಸ್ನೋರು ಇಂಗೇ ಬಂದಿದ್ರು, ಎಸ್ಟೇಟಿನ ಗಾಡಿ ಕೇಳ್ಕಂಡು. ನಾನೇ ಓಡ್ಸುದ್ದು.’

‘ಎಲ್ಲಿಗೆ ದೊಡ್ಡಪ್ಪ?’ ಎಂದೆ.

‘ಕಾಡ್ಗ’ ಎಂದ. ‘ಓಗ್ವಾಗ ಒಬ್ಬ ಹೈದ ಹಿಂದ್ಗಡೆ ಕೂತಿದ್ದ, ನೀರು ಕೇಳ್ದ. ಬರ್ವಾಗ ಇರ್ನಿಲ್ಲ.’ ಆಮೇಲೆ ಸ್ಪ್ಯಾನರು ಕೊಡು ಎಂದು ಅಪ್ಪನ ಕಡೆ ಕೈ ಚಾಚಿದ. ಅಪ್ಪನೂ ಆ ಕತೆಯನ್ನು ಅವತ್ತೇ ಮೊದಲು ಕೇಳಿದ್ದಿರಬೇಕು. ಸ್ಪ್ಯಾನರು ಕೊಡುವುದನ್ನು ಮರೆತು ನಿಂತಿದ್ದ.

ಕೊನೆಗೆ ಉಳಿದದ್ದು ಬ್ಯಾಟರಿಗೆ ತಂತಿ ಕಟ್ಟುವುದು. ಕೆಲಸ ಶುರು ಮಾಡುವಾಗ ಅದನ್ನು ಬಿಚ್ಚಿಟ್ಟಿದ್ದರು. ದೊಡ್ಡಪ್ಪ ಒಂದು ತಂತಿ ಕಟ್ಟಿದ, ಇನ್ನೊಂದನ್ನು ಮುಟ್ಟಿಸಿದ. ಪಟ್ಟೆಂದು ನೀಲಿ ಕಿಡಿ ಹಾರಿತು. ಬಾನೆಟ್ಟಿನೊಳಗಿಂದ ದಾರದಂಥ ಬಿಳಿ ಹೊಗೆ ಎದ್ದಿತು. ಅರಗು ಸುಟ್ಟಂಥ ಕಮಟು ವಾಸನೆ ಅಂಗಳಕ್ಕೆಲ್ಲ ಹರಡಿತು. ಅಪ್ಪ ‘ಅಯ್ಯೋ’ ಎಂದು ಹಾರಿ ಹೋಗಿ ತಂತಿ ಕಿತ್ತ.

ಎಸ್ಟೇಟಿನ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನು ಗಾಡಿಯ ಮೈಗೆ ಕಟ್ಟುತ್ತಿದ್ದರಂತೆ. ನಮ್ಮ ಜೀಪಿನಲ್ಲಿ ಮೈಗೆ ಬರಬೇಕಾದದ್ದು ಮೈನಸ್ಸು. ಡೈನಮೋ ಕಾಲದ ಆ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡ ದೊಡ್ಡಪ್ಪ, ಹಾಗೆಯೇ ತಿರುಗಾಮುರುಗಾ ಕಟ್ಟಿದ್ದ. ಆಲ್ಟರ್ನೇಟರು ಅದನ್ನು ತಡೆಯುವುದಿಲ್ಲ, ಒಂದು ಕ್ಷಣದಲ್ಲಿ ಅದರ ಒಳಗೆಲ್ಲ ಸುಟ್ಟುಹೋಗುತ್ತದೆ. ಬತ್ತೇರಿಯಿಂದ ಬಂದದ್ದು ಒಂದು ಸುತ್ತೂ ತಿರುಗದೆ ಸತ್ತಿತು.

‘ಇಷ್ಟ್ ವರ್ಸ ಈ ಜೀಪ್ಗ ಕಟ್ಟಿದ್ಯಲ್ಲ, ಇವತ್ತೇ ಯಾನ ಬಂದಿತ್ತು ನಿಂಗ?’ ಎಂದು ಅಪ್ಪ ಕಿರುಚಿದ. ಅಣ್ಣನ ಮೇಲೆ ಅಪ್ಪ ದನಿ ಎತ್ತಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

‘ಅಭ್ಯಾಸ ಕನ’ ಎಂದ ದೊಡ್ಡಪ್ಪ. ನಾಚಿಕೆಯಾಗಲಿ ಗಾಬರಿಯಾಗಲಿ ಅವನ ಮುಖದಲ್ಲಿ ಕಾಣಲಿಲ್ಲ. ಬೂದಿಯಿಂದ ಕೈ ಉಜ್ಜಿ ತೊಳೆದುಕೊಂಡ.

ಆಗ ಕೆಂಚಕ್ಕ ಅತ್ತಳು. ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸದ್ದಿಲ್ಲದೆ. ಅವಳು ಕೂತಿದ್ದೇ ಬೆಳಗಿನಿಂದ ಅದು ಮೊದಲ ಸಲ. ನನಗೆ ದೊಡ್ಡಪ್ಪನನ್ನು ಹೊಡೆಯಬೇಕು ಎನ್ನಿಸಿತು.

ದೊಡ್ಡಪ್ಪ ಅವಳ ಕಡೆ ನೋಡಿ, ‘ಅಳ್ಬ್ಯಾಡ ಕೆಂಚಿ. ಡೀಸೆಲ್ ಎಂಜಿನ್ಗ ಕರೆಂಟ್ಯಾಕ?’ ಎಂದ. ‘ಬೆಳಕು ಇರಗಂಟ ಲೈಟೂ ಬ್ಯಾಡ. ತಳ್ಳುದ್ರ ಓಡ್ತದ. ಆದ್ರ ಒಂದು, ಎಂಜಿನ್ ಆರುಸ್ಬಾರ್ದು. ಆರ್ಸುದ್ರ ಕಾಡ್ನೊಳ್ಗ ಇಳಿಜಾರಿಲ್ಲ, ಆ ಮಣ್ಣಲ್ಲಿ ಎಷ್ಟ್ ಜನ ತಳ್ಳುದ್ರೂ ಸ್ಟಾರ್ಟ್ ಆಗಾದಿಲ್ಲ. ಕತ್ಲಾಗಾದ್ರೊಳ್ಗ ಮನ ಸೇರ್ಬೇಕು.’ ಸುಟ್ಟ ಆಲ್ಟರ್ನೇಟರಿನ ತಂತಿಯನ್ನು ಕಿತ್ತು ಬಟ್ಟೆ ಸುತ್ತಿ ಕಟ್ಟಿದ. ಬೆಲ್ಟು ಅಲ್ಲೇ ಇರಲಿ, ಅದು ಹೋದರೆ ಫ್ಯಾನು ತಿರುಗುವುದಿಲ್ಲ ಎಂದ.

ಅಪ್ಪ ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ ಸ್ಟೇರಿಂಗ್ ಹಿಡಿದು ಕೂತ. ‘ಕೂಸೂ ಬರ್ಲಿ’ ಎಂದ ನನ್ನನ್ನು ತೋರಿಸಿ. ‘ಮಕ್ಳು ಇದ್ರ ರೋಡಲ್ಲಿ ಜಾಸ್ತಿ ಕೇಳಾದಿಲ್ಲ.’ ಕೆಂಚಕ್ಕ ಗಾಲಿಯ ಕಲ್ಲು ತೆಗೆದಳು. ಅವಳೂ ಅವ್ವನೂ ದೊಡ್ಡಪ್ಪನೂ ಹಿಂದಿನಿಂದ ತಳ್ಳಿದರು. ಜೀಪು ಇಳಿಜಾರಿನಲ್ಲಿ ಉರುಳಿ, ಒಮ್ಮೆ ಮುಗ್ಗರಿಸಿದಂತಾಗಿ, ಕಪ್ಪು ಹೊಗೆ ಕಾರಿ ಹೊತ್ತಿಕೊಂಡಿತು. ಕೆಂಚಕ್ಕ ಓಡಿ ಬಂದು ಹತ್ತಿ ನನ್ನ ಪಕ್ಕ ಸೀಟಿನ ಕೆಳಗೆ ಕೂತಳು. ಅವಳ ಮೇಲೆ ಖಾಲಿ ಗೋಣಿಗಳನ್ನು ಹೊದಿಸಿದೆ.

ರಸ್ತೆಯಲ್ಲಿ ನಿಂತಿದ್ದ ಪೊಲೀಸಿನವರು ಅಪ್ಪನ ಗುರುತಿದ್ದವರೇ. ನನ್ನನ್ನು ನೋಡಿ ಕೈ ಬೀಸಿ ಬಿಟ್ಟರು. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಮರುಕ್ಷಣವೇ, ಇವರ ಮೇಲೆ ಪ್ರೀತಿ ಬರಬಾರದೇನೋ ಎಂದು ಭಯವಾಯಿತು.

ಮುಖ್ಯ ರಸ್ತೆ ಬಿಟ್ಟು ಮರದ ಲಾರಿಗಳ ಹಳೇ ದಾರಿಯಲ್ಲಿ ಒಳಗೆ ಹೋದೆವು. ಎರಡೂ ಕಡೆ ಒಣಗಿದ ಬಿದಿರು. ತಿರುವು ಕಳೆದದ್ದೇ ಗುಡಿಸಲುಗಳು ಕಂಡವು. ಬಿದಿರಿನ ಗೂಟ, ಹುಲ್ಲಿನ ಮಾಡು, ಪ್ರತಿಯೊಂದರ ಬಾಗಿಲಲ್ಲೂ ಮೂರು ಕಲ್ಲಿನ ಒಲೆ, ಪ್ರತಿ ಒಲೆಯಲ್ಲೂ ಬೆಂಕಿ. ಅಡಿಗೆಯ ಹೊತ್ತಲ್ಲ, ಆದರೂ ಎಲ್ಲ ಒಲೆಗಳೂ ಉರಿಯುತ್ತಿದ್ದವು. ಜಾತ್ರೆಗೆ ಬಂದವರ ಬಿಡಾರ ಎಂದುಕೊಂಡು ಖುಷಿಯಾಯಿತು. ಜನರ ಮುಖ ನೋಡಿದ ಮೇಲೆ ಖುಷಿ ಹೋಯಿತು.

ಬಿದಿರು ಕೋಲು ಹಿಡಿದಿದ್ದ ಯುವಕನೊಬ್ಬ ಅಡ್ಡ ನಿಂತ. ಅವನು ನಮ್ಮ ಹಾಡಿಯವನಲ್ಲ. ಇದು ಯಾರ ವಂಡಿ ಎಂದು ಮಲಯಾಳದಲ್ಲಿ ಕೇಳಿದ. ನಮ್ಮದು ಎಂದ ಅಪ್ಪ. ನೀವು ಯಾರ ಕಡೆಯವರು ಎಂದು ಕೇಳಿದ.

ಅಪ್ಪ ನನ್ನ ಮುಖ ನೋಡಿದ. ಉತ್ತರ ನನಗೇನಾದರೂ ಗೊತ್ತಿದೆಯೋ ಎಂಬಂತೆ. ಆಮೇಲೆ ಮಲಯಾಳ ಬಿಟ್ಟು ಕನ್ನಡದಲ್ಲೇ, ‘ಕೂಸ ಕರ್ಕಂಡೋಗಾಕ ಬಂದಿವಿ ಕನಪ್ಪ’ ಎಂದ. ಗೋಣಿಯಡಿಯಿಂದ ಕೆಂಚಕ್ಕ ಎದ್ದಳು. ಯುವಕ ದಾರಿ ಬಿಟ್ಟ.

ಕೆಂಚಕ್ಕ ಗುಡಿಸಲಿಗೆ ಓಡಿ ಬೊಮ್ಮಿಯನ್ನು ಎತ್ತಿ ತಂದಳು. ನನ್ನ ಮಡಿಲಲ್ಲಿ ಮಲಗಿಸಿದಳು. ಬೊಮ್ಮಿಯ ತಲೆ ಕಾವಲಿಯಂತೆ ಸುಡುತ್ತಿತ್ತು, ತುಟಿ ಒಡೆದಿತ್ತು. ‘ಬೊಮ್ಮೀ’ ಎಂದೆ. ಕಣ್ಣಿನ ರೆಪ್ಪೆ ಅಲುಗಿತು, ತೆರೆಯಲಿಲ್ಲ. ನನಗೆ ಅಳು ಬಂತು, ಜೀಪಿನ ಸದ್ದಿನಲ್ಲಿ ನನ್ನ ಅಳು ನನಗೇ ಕೇಳಿಸಲಿಲ್ಲ.

‘ಜೀಪ್ ಅತ್ತು ಕೆಂಚಿ’ ಎಂದು ಅಪ್ಪ ಕೂಗಿದ.

ಕೆಂಚಕ್ಕ ಹತ್ತಲಿಲ್ಲ. ಜೀಪಿನ ಕಂಬಿ ಹಿಡಿದು ನಿಂತಳು. ‘ನಾ ಬಂದ್ರ ಒಲ ಆರೋಯ್ತದ ಅಣ್ಣ’ ಎಂದಳು.

ಆ ಗುಡಿಸಲುಗಳವರು ಮೊದಲ ದಿನ ತಮ್ಮ ದೇವರ ಮುಂದೆ ಮಾಡಿಕೊಂಡ ಕಟ್ಟಳೆ ಅದು: ಯಾರ ಒಲೆಯಲ್ಲಿ ಬೆಂಕಿ ಇದೆಯೋ ಆ ನೆಲ ಅವರದು. ಒಲೆ ಆರಿಸಿ ಹೊರಗೆ ಹೋದವರು ಸಮರ ಬಿಟ್ಟಂತೆ, ನೆಲವೂ ಬಿಟ್ಟಂತೆ. ಬೇರೆ ಮನೆಗಳಲ್ಲಿ ಗಂಡನೋ ಅತ್ತೆಯೋ ಬೆಂಕಿ ಕಾಯುತ್ತಿದ್ದರು. ಕೆಂಚಕ್ಕನಿಗೆ ಯಾರೂ ಇರಲಿಲ್ಲ. ಬೆಳಿಗ್ಗೆ ನಮ್ಮಲ್ಲಿಗೆ ಬರುವಾಗಲೂ ದಪ್ಪ ಕೊರಡು ಇಟ್ಟು ಬಂದಿದ್ದಳಂತೆ. ಅದು ಉರಿದು ಮುಗಿಯುತ್ತಾ ಬಂದಿತ್ತು.

‘ಮಗೀಗಿಂತ ಒಲ ದೊಡ್ದಾ?’ ಎಂದ ಅಪ್ಪ.

‘ಮಗೀಗೇ ಕನಣ್ಣ ನೆಲ. ನಂಗ್ಯಾಕ?’

ಎಂಜಿನ್ ಡಬಡಬ ಎನ್ನುತ್ತಿತ್ತು. ಬಿಸಿಲು ಇಳಿಯುತ್ತಿತ್ತು. ಅಪ್ಪ ಇನ್ನೇನೋ ಕೂಗಿ ಹೇಳಿದ, ಅವಳೂ ಏನೋ ಹೇಳಿದಳು, ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಮುಟ್ಟಲಿಲ್ಲ. ಬೇರೆ ದಿನವಾಗಿದ್ದರೆ ಅಪ್ಪ ಜೀಪು ಆರಿಸಿ, ಕೆಳಗಿಳಿದು, ಎಲೆಯಡಿಕೆ ಹಾಕಿಕೊಂಡು ಕೂತು ಮಾತಾಡುತ್ತಿದ್ದ. ಮಾತಾಡಿದರೆ ಕರಗುವವಳೇ ಅವಳು, ಅಪ್ಪನಿಗೆ ಅದು ಗೊತ್ತಿತ್ತು. ಬೆಂಕಿ ಕಾಯಲು ಯಾರನ್ನಾದರೂ ಒಪ್ಪಿಸಬಹುದಿತ್ತು. ಆದರೆ ಆರಿಸುವಂತಿರಲಿಲ್ಲ. ಕೆಂಚಕ್ಕ ಬೊಮ್ಮಿಯ ಪಾದವನ್ನು ಒಮ್ಮೆ ಹಿಡಿದು ಬಿಟ್ಟಳು. ನನ್ನ ಕಡೆ ನೋಡಿ, ‘ಜ್ವಾಪಾನ ಕನವ್ವ’ ಎಂದಳು. ಅಪ್ಪ ಗೇರು ಹಾಕಿದ. ಹಿಂತಿರುಗಿ ನೋಡಿದಾಗ ಅವಳು ಗುಡಿಸಲಿನ ಮುಂದೆ ಬಗ್ಗಿ ಒಲೆ ಊದುತ್ತಿದ್ದಳು.

ಬರುವ ದಾರಿಯಲ್ಲಿ ಮನೆಯ ಕೆಳಗೆ ರಸ್ತೆಯಲ್ಲೇ ಅವ್ವ ಬಟ್ಟೆಗಂಟು ಹಿಡಿದು ಕಾದಿದ್ದಳು. ಬತ್ತೇರಿಯ ಆಸ್ಪತ್ರೆಯ ಮುಂದೆ ಅಪ್ಪ ಜೀಪು ಆರಿಸದೆ ಸ್ಟೇರಿಂಗ್ ಹಿಡಿದೇ ಕೂತ, ಅವ್ವ ಬೊಮ್ಮಿಯನ್ನು ಎತ್ತಿಕೊಂಡು ಓಡಿದಳು, ನಾನು ಹಿಂದೆ ಓಡಿದೆ. ನರ್ಸು ಇವಳ ಅಮ್ಮ ಎಲ್ಲಿ ಎಂದು ಕೇಳಿದರು. ನಾನೇ ‘ವೀಟ್ಟಿಲ್’ ಎಂದೆ. ಮನೆಯಲ್ಲಿ. ಸುಳ್ಳೋ ನಿಜವೋ ನನಗೆ ತಿಳಿಯಲಿಲ್ಲ.

ಇನ್ನೊಂದು ದಿನ ತಡವಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರಂತೆ ಡಾಕ್ಟರು. ಅವ್ವ ಅಲ್ಲೇ ಉಳಿದಳು. ಅಪ್ಪನೂ ನಾನೂ ಹೊತ್ತು ಮುಳುಗುವ ಮೊದಲು ಮನೆ ಸೇರಿದೆವು.

ಬೆಳಿಗ್ಗೆ ಆಫೀಸಿನವರು ಬಂದಾಗ ದೊಡ್ಡಪ್ಪ ಬಾನೆಟ್ ಎತ್ತಿಟ್ಟು, ಸುಟ್ಟ ಆಲ್ಟರ್ನೇಟರನ್ನು ಬಿಚ್ಚಿ ಗೋಣಿಚೀಲದ ಮೇಲೆ ಇಟ್ಟು, ಅದರ ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ. ಬೆಲ್ಟು ಅವನ ಮೊಣಕಾಲ ಮೇಲಿತ್ತು. ಬಂದವರಲ್ಲಿ ಒಬ್ಬರು ಬಗ್ಗಿ ಮೂಸಿ ನೋಡಿ ಮುಖ ಸಿಂಡರಿಸಿದರು. ‘ನನ್ ಕೈ ತಪ್ಪು ಸಾರ್’ ಎಂದ ದೊಡ್ಡಪ್ಪ, ಎಂದೂ ಇಲ್ಲದ ವಿನಯದಿಂದ. ಅವರು ಬೇರೆ ಜೀಪು ಹುಡುಕಿಕೊಂಡು ಹೋದರು. ಅದು ಕೈ ತಪ್ಪೋ ಅಲ್ಲವೋ ಎಂದು ನಾನು ದೊಡ್ಡವಳಾದ ಮೇಲೆ ಎಷ್ಟೋ ಸಲ ಕೇಳಿದೆ. ‘ವಯಸ್ಸಾಗಿತ್ತು ಕನ ಕೂಸೇ’ ಎಂದನೇ ಹೊರತು ಬೇರೆ ಉತ್ತರ ಕೊಡದೆ ಹೋಗಿಬಿಟ್ಟ. ತಪ್ಪಾಗಿದ್ದರೆ ಅವನನ್ನು ಕ್ಷಮಿಸಬೇಕು, ಬೇಕೆಂದು ಮಾಡಿದ್ದರೆ ಮೆಚ್ಚಬೇಕು. ಆದರೆ ಬೇಕೆಂದು ಮಾಡಿದ್ದರೆ, ಅಂಗಳದಲ್ಲಿ ಕೂತು ಅತ್ತ ಕೆಂಚಕ್ಕನ ಕಣ್ಣೀರಿಗೆ ಏನು ಹೇಳುವುದು? ನನಗೆ ಇಂದಿಗೂ ಬಗೆಹರಿದಿಲ್ಲ.

ಅವತ್ತು ಮಧ್ಯಾಹ್ನ ಕಾಡಿನ ಮೇಲೆ ಹೊಗೆ ಎದ್ದಿತು. ಯಾರು ಬೆಂಕಿ ಇಟ್ಟರು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ಗುಡಿಸಲಿನವರನ್ನೆಲ್ಲ ವ್ಯಾನುಗಳಲ್ಲಿ ತುಂಬಿಕೊಂಡು ನಮ್ಮ ಮನೆಯ ಕೆಳಗಿನ ರಸ್ತೆಯಲ್ಲೇ ಹೋದರು. ಕೆಂಚಕ್ಕ ಯಾವ ವ್ಯಾನಿನಲ್ಲಿದ್ದಳೋ ಕಾಣಲಿಲ್ಲ. ಎಲ್ಲರನ್ನೂ ಜೈಲಿಗೆ ಕಳಿಸಿದರು ಎಂದು ಆಮೇಲೆ ತಿಳಿಯಿತು.

ಬೊಮ್ಮಿ ಗುಣವಾಗಿ ನಮ್ಮ ಮನೆಗೆ ಬಂದಳು. ನನಗೆ ಒಳಗೊಳಗೇ ಹಬ್ಬ. ಒಂದೇ ಚಾಪೆ, ಒಂದೇ ಕಂಬಳಿ. ಆದರೆ ಗಜ್ಜುಗ ಆಡಲು ಕರೆದರೆ ‘ನೀನೇ ಮೊದ್ಲು ಆಡು’ ಎಂದಳು. ಆಡಿದಳು, ಒಂದು ಸಲವೂ ಮೋಸ ಮಾಡಲಿಲ್ಲ. ಅವಳು ಮೋಸ ಮಾಡಲಿ ಎಂದು ನಾನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಮಳೆ ಹಿಡಿಯುವ ಮೊದಲು ಕೆಂಚಕ್ಕ ಬಿಡುಗಡೆಯಾಗಿ ಬಂದಳು. ಅಂಗಳದಲ್ಲೇ ನಿಂತು ಅಪ್ಪನಿಗೂ ಅವ್ವನಿಗೂ ಕೈ ಮುಗಿದಳು, ಮಗಳನ್ನು ಕರೆದುಕೊಂಡು ತೋಲ್ಪೆಟ್ಟಿ ಕಡೆಯ ತನ್ನ ತವರಿಗೆ ಹೋದಳು.

ಈಗ ಆ ಜೀಪಿಲ್ಲ, ಗುಜರಿಗೆ ಹೋಯಿತು. ಅಪ್ಪ, ದೊಡ್ಡಪ್ಪ ಇಬ್ಬರೂ ಇಲ್ಲ. ಹಾಡಿಯ ಮಕ್ಕಳು ತಮ್ಮ ಮಾತು ಬಿಟ್ಟು ಮಲಯಾಳ ಆಡುತ್ತಾರೆ, ನನ್ನ ಮಕ್ಕಳೂ ಅಷ್ಟೇ. ಇಳಿಜಾರುಗಳನ್ನು ಸಮ ಮಾಡಿ ಸಿಮೆಂಟು ಹಾಕಿದ್ದಾರೆ.

ಹೋದ ವರ್ಷ ತೋಲ್ಪೆಟ್ಟಿಯಲ್ಲಿ ಬೊಮ್ಮಿಯನ್ನು ಕಂಡೆ. ಕಾಡಿನ ಇಲಾಖೆಯ ದಿನಗೂಲಿ ಕೆಲಸದಲ್ಲಿ, ಕಾಡ್ಗಿಚ್ಚು ಹರಡದಂತೆ ಬೆಂಕಿರೇಖೆ ಸವರುತ್ತಿದ್ದಳು. ‘ಚೇಚಿ’, ಅಕ್ಕಾ, ಎಂದು ಗೌರವದಿಂದ ಮಲಯಾಳದಲ್ಲಿ ಮಾತಾಡಿಸಿದಳು. ನಾನು ನಮ್ಮ ಹಳೆಯ ಮಾತಿನಲ್ಲೇ ಮಾತಾಡಿದೆ. ಸ್ವಲ್ಪ ತಡವರಿಸಿ ಅವಳೂ ಅದಕ್ಕೆ ಬಂದಳು. ಕೆಂಚಕ್ಕ ತೀರಿಕೊಂಡು ಬಹಳ ವರ್ಷವಾಯಿತಂತೆ. ನೆಲ ಸಿಕ್ಕಿತೇ ಎಂದು ಕೇಳಿದೆ. ತನ್ನ ಅವ್ವ ಹೋದ ಮೇಲೆ ಬೇರೆಲ್ಲೋ ಒಂದು ತುಂಡು ಸಿಕ್ಕಿದೆ ಎಂದಳು. ಆ ದಿನದ ಮಾತು ನಾನೇ ತೆಗೆದೆ. ಅಪ್ಪ ಎಂಜಿನ್ ಆರಿಸದೆ ಓಡಿಸಿದ್ದು, ಡಾಕ್ಟರು ಹೇಳಿದ್ದು, ಎಲ್ಲ ಹೇಳಿದೆ. ನಮ್ಮ ಮನೆಯಲ್ಲಿ ಅದು ಹೆಮ್ಮೆಯ ಕತೆ.

ಅವಳು ಕತ್ತಿಯನ್ನು ಕೆಳಗಿಟ್ಟು ಕೇಳಿಸಿಕೊಂಡಳು.

‘ನಿಮ್ಮಿಂದ ಉಳ್ದಿ ನಾನು, ಗೊತ್ತು’ ಎಂದಳು. ‘ಆ ದಿನ ಮಕ್ಳನ್ನೆಲ್ಲ ಅವ್ವಂದಿರ ಜೊತೇಲೇ ಜೈಲ್ಗ ಕರ್ಕಂಡೋದ್ರಂತ. ನಮ್ಮೋರು ಈಗ್ಲೂ ಕೂತ್ಕಂಡು ಅದ್ನೇ ಹೇಳ್ತರ. ಯಾರು ಅತ್ರು, ಯಾರು ಹಾಡು ಹೇಳುದ್ರು, ನಮ್ಮವ್ವ ಯಾರ್ಯಾರ್ ಮಕ್ಳಿಗ ತಲ ಬಾಚುದ್ಲು. ನನ್ನ ಓರ್ಗೆಯೋರ್ಗೆಲ್ಲ ನಮ್ಮವ್ವ ತಲ ಬಾಚವ್ಳ. ನಾನೊಬ್ಳು ಸುಮ್ನ ಕೇಳ್ಕಂಡು ಕೂತಿರ್ತೀನಿ. ನಂಗ ಹೇಳಾಕ ಯಾನೂ ಇಲ್ಲ.’

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.